ಮ್ಯಾಕ್‌ಬುಕ್ ಟ್ರ್ಯಾಕ್‌ಪ್ಯಾಡಲ್ಲಿ ವಾಯ್ಸ್‌ಓವರ್ ಸ್ವೈಪ್ ಹೇಗೆ ಮಾಡೋದು?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನನಗೆ ಕಣ್ಣು ಕಾಣಲ್ಲ, ಇಷ್ಟು ದಿನ ವಿಂಡೋಸಲ್ಲಿ ಎನ್‌ವಿಡಿಎ (ಸ್ಕ್ರೀನಲ್ಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್) ಬರೀ ಕೀಬೋರ್ಡಲ್ಲೇ ಬಳಸ್ತಿದ್ದೆ, ಈಗ ಆಫೀಸಿಂದ ಮ್ಯಾಕ್‌ಬುಕ್ ಕೊಟ್ಟಿದಾರೆ. ಐಫೋನ್ ಥರಾನೇ ಸ್ವೈಪ್ ಮಾಡ್ಬಹುದು ಅಂತ ಕೇಳಿದೀನಿ ಆದ್ರೆ ಮ್ಯಾಕಲ್ಲಿರೋ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಆನ್ ಇದ್ರೂ ಟ್ರ್ಯಾಕ್‌ಪ್ಯಾಡ್ ಮೇಲೆ ಬೆರಳು ಎಳೆದ್ರೆ ಏನೂ ಓದ್ತಿಲ್ಲ. ಯಾರಾದ್ರೂ ಹೇಳ್ತೀರಾ?

ಉತ್ತರ 1: ಟ್ರ್ಯಾಕ್‌ಪ್ಯಾಡ್ ಕಮಾಂಡರ್ ಅಂತಿದೆ, ಅದನ್ನ ಬೇರೆಯಾಗಿ ಆನ್ ಮಾಡ್ಬೇಕು. ಕಂಟ್ರೋಲ್, ಆಪ್ಷನ್ ಎರಡೂ ಒತ್ತಿ ಹಿಡ್ಕೊಂಡು ಟ್ರ್ಯಾಕ್‌ಪ್ಯಾಡ್ ಮೇಲೆ ಎರಡು ಬೆರಳಿಟ್ಟು ನಲ್ಲಿ ತಿರುಗಿಸೋ ಹಾಗೆ ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿದ್ರೆ ಆಫ್. ಆಮೇಲೆ ಒಂದು ಬೆರಳಲ್ಲಿ ಬಲಕ್ಕೆ ಸ್ವೈಪ್ ಮಾಡಿದ್ರೆ ಮುಂದಿನ ಐಟಂ, ಎಡಕ್ಕೆ ಹಿಂದಿನದು, ಡಬಲ್ ಟ್ಯಾಪ್ ಮಾಡಿದ್ರೆ ಓಪನ್. ಕೀ ಒತ್ತದೆ ಎರಡು ಬೆರಳು ತಿರುಗಿಸಿದ್ರೆ ರೋಟರ್, ಅಂದ್ರೆ ಹೆಡಿಂಗ್, ಲಿಂಕ್ ಹೀಗೆ ಯಾವುದರ ಪ್ರಕಾರ ಮುಂದೆ ಹೋಗ್ಬೇಕು ಅಂತ ಆರಿಸೋದು. 2009ರ ಮ್ಯಾಕ್ ಓಎಸ್ ಆವೃತ್ತಿ ಸ್ನೋ ಲೆಪರ್ಡಿಂದಾನೂ ಇದೆ ಇದು.

ಉತ್ತರ 2: ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಐಫೋನಿಂದ ಬಂದವ್ರು ಸಿಕ್ಕಾಕೊಳ್ಳೋದು ಇಂಟರಾಕ್ಷನ್ ಹತ್ರ. ಟೇಬಲ್ಲೋ ಟೂಲ್‌ಬಾರೋ ಬಂದಾಗ ಸ್ವೈಪ್ ಅದನ್ನ ದಾಟ್ಕೊಂಡು ಹೋಗ್ಬಿಡತ್ತೆ, ಒಳಗೆ ಹೋಗೋಕೆ ಎರಡು ಬೆರಳಲ್ಲಿ ಬಲಕ್ಕೆ ಸ್ವೈಪ್ ಮಾಡಿ, ಹೊರಗೆ ಬರೋಕೆ ಎಡಕ್ಕೆ. ಇದೊಂದು ಕೈಗೆ ಕೂತ್ರೆ ಅರ್ಧ ಮ್ಯಾಕ್ ಬಂದ ಹಾಗೇ. ಇನ್ನೊಂದು, ಆಫೀಸಲ್ಲಿ ಪಕ್ಕದವ್ರು ನಮ್ಮ ಮೇಲ್ ಓದೋದು ಬೇಡ ಅಂದ್ರೆ ಮೂರು ಬೆರಳಲ್ಲಿ ಮೂರ್ಸಲ ಟ್ಯಾಪ್ ಮಾಡಿ, ಸ್ಕ್ರೀನ್ ಪೂರ್ತಿ ಕಪ್ಪಾಗತ್ತೆ, ಓದೋದು ನಿಲ್ಲಲ್ಲ.

ಪ್ರಶ್ನೆ ಕೇಳಿದವರು: ಬಂತು ಬಂತು, ತುಂಬಾ ಥ್ಯಾಂಕ್ಸ್! ಆದ್ರೆ ಕಮಾಂಡರ್ ಆನ್ ಇದ್ದಾಗ ಪಕ್ಕದ ಸಹೋದ್ಯೋಗಿಗೆ ಮೌಸ್ ಪಾಯಿಂಟರ್ ಅಲ್ಲಾಡ್ತಾನೇ ಇಲ್ಲ?

ಉತ್ತರ 1: ಹೌದು, ಅದು ಹಾಗೇನೇ. ಅವ್ರಿಗೆ ಕೊಡೋ ಮುಂಚೆ ಎಡಕ್ಕೆ ತಿರುಗಿಸಿ ಆಫ್ ಮಾಡ್ಕೊಡಿ, ಇಲ್ಲಾಂದ್ರೆ ಒಂದು ಮೌಸ್ ಹಾಕಿಡಿ.