‘ಆಪರೇಷನ್ ಆದ ನಾಯಿಗೆ 6 ವಾರ ಗೂಡು’: ಪಶುವೈದ್ಯ ಗೆಳೆಯರ ಗುಂಪಿನಲ್ಲಿ ಒಂದು ಜಗಳ

*ಫಾರ್ವರ್ಡ್ ಆದದ್ದು*
🙏 ನಾಯಿ ಸಾಕಿದವರ ಗಮನಕ್ಕೆ 🙏 ಮೂಳೆ ಆಪರೇಷನ್ ಆದ ನಾಯಿಯನ್ನು 6 ವಾರ ಗೂಡಿನಿಂದ ಹೊರಗೆ ಬಿಡಬೇಡಿ. ಕಾಲನ್ನು ಮುಟ್ಟಬೇಡಿ, ಮಡಚಬೇಡಿ. ಆಮೇಲೆ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿ, ಕೆರೆಯಲ್ಲಿ ಈಜಾಡಿಸಿ. ಕಾಲು ತಾನೇ ಸರಿಹೋಗುತ್ತದೆ. ಎಲ್ಲ ಗುಂಪುಗಳಿಗೂ ಕಳಿಸಿ.

*ಮಂಡ್ಯ:* ನಮ್ ಕಡೆ ನಾಯಿ ಸಾಕೋರ ಗುಂಪಿಗೆ ಇದನ್ನ ಹಾಕೋಣ ಅಂತಿದೀನಿ. ಎಣ್ಣೆ, ಕೆರೆ ಎರಡನ್ನೂ ತೆಗೀತೀನಿ. ಗೂಡಿನ ಮಾತು ಸರಿ ಐತಲ್ಲ?

*ಧಾರವಾಡ:* ಹಾಕಬ್ಯಾಡ್ರಿ. ಎಣ್ಣಿಗಿಂತ ಅದ ಹೆಚ್ಚು ಅಪಾಯದ ಮಾತು.

*ಮಂಡ್ಯ:* ಅದ್ಹೆಂಗೆ? ಟಿಪಿಎಲ್‌ಒ (ಮಂಡಿಯ ಲಿಗಮೆಂಟ್ ಹರಿದಾಗ ಮಾಡೋ ಮೂಳೆ ಆಪರೇಷನ್) ಆದ ನಾಯಿ ಎರಡನೇ ವಾರಕ್ಕೇ ಕಾಲೂರುತ್ತೆ. ಮನೆಯೋರು ವಾಸಿ ಆಯ್ತು ಅಂದ್ಕೊಂಡು ಬಿಟ್ಟುಬಿಡ್ತಾರೆ. ಅದು ಸೋಫಾ ಹತ್ತುತ್ತೆ, ಗೇಟಿನ ಹತ್ರ ಬೆಲ್ ಆದ್ರೆ ಓಡುತ್ತೆ. ಕೊಯ್ದು ತಿರುಗಿಸಿ ಪ್ಲೇಟ್ ಹಾಕಿದ ಟಿಬಿಯಾ (ಮಂಡಿ ಕೆಳಗಿನ ಮೂಳೆ) ಕೂಡೋಕೆ ಸುಮಾರು 8 ವಾರ ಬೇಕು. ಅಷ್ಟರೊಳಗೆ ಸ್ಕ್ರೂ ಸಡಿಲ ಆಗುತ್ತೆ, ಇಲ್ಲಾಂದ್ರೆ ಅದರ ಮುಂದಿನ ಉಬ್ಬು (ಟ್ಯೂಬರಾಸಿಟಿ) ಮುರಿಯುತ್ತೆ. ಕಡಿಮೆ ಅಂದ್ರೂ ಮಂಡಿಚಿಪ್ಪಿನ ಕೆಳಗಿನ ಟೆಂಡನ್ ದಪ್ಪ ಆಗಿ ಕುಂಟು ಉಳಿಯುತ್ತೆ. ಗೂಡು ಅಂದ್ರೆ ಮಾತ್ರ ಜನ ಕೇಳ್ತಾರೆ.

*ಉಡುಪಿ:* ಟಿಪಿಎಲ್‌ಒಗೆ ನೀವು ಹೇಳಿದ್ದು ಒಪ್ಪಿದೆ. ಆದರೆ ಸಂದೇಶದಲ್ಲಿರುವುದು ‘ಮೂಳೆ ಆಪರೇಷನ್’. ಎಫ್‌ಎಚ್‌ಒ (ಸೊಂಟದ ಕೀಲಿನ ಆಪರೇಷನ್) ಆದ ನಾಯಿಯವರೂ ಅದನ್ನೇ ಓದುತ್ತಾರೆ. ಅಲ್ಲಿ ತೊಡೆಮೂಳೆಯ ತಲೆಯನ್ನೇ ಕತ್ತರಿಸಿ ತೆಗೆದಿರುತ್ತೇವೆ, ಕೂಡಬೇಕಾದ ಮೂಳೆಯೇ ಇಲ್ಲ. ನಾರಿನ ಅಂಗಾಂಶ ತುಂಬಿ ಹುಸಿ ಕೀಲು ಆಗಬೇಕು, ಅದೂ ಚಲನೆ ಇದ್ದರೆ ಮಾತ್ರ ಸಡಿಲವಾಗಿ ಆಗುತ್ತದೆ. 6 ವಾರ ಗೂಡಿನಲ್ಲಿಟ್ಟರೆ ಸೊಂಟ ಹಿಂದಕ್ಕೆ ಚಾಚದಂತೆ ಬಿಗಿದುಕೊಂಡು, ತೊಡೆ ಸೊರಗಿ, ನಾಯಿ ಮೂರೇ ಕಾಲಲ್ಲಿ ನಡೆಯುವುದನ್ನು ಅಭ್ಯಾಸ ಮಾಡಿಕೊಳ್ಳುತ್ತದೆ.

*ಧಾರವಾಡ:* ಅದಕ್ಕಿಂತ ಕೆಟ್ಟದ್ದು ಮರಿಗಳ ತೊಡಿಮೂಳಿ, ಅಂದ್ರ ಫೀಮರ್. 4ರಿಂದ 8 ತಿಂಗಳ ಮರಿಗೆ ಗಾಡಿ ಬಡಿದು ಮಂಡಿ ಹತ್ರ ಫೀಮರ್ ಮುರೀತದ. ಯಾರೋ ಕಾಲು ನೆಟ್ಟಗ ಮಾಡಿ ಬಿದಿರಿನ ಪಟ್ಟಿ ಕಟ್ಟತಾರ. ಸ್ಪ್ಲಿಂಟ್ ಮುರಿದ ಜಾಗದ ಮ್ಯಾಲಿನ ಕೀಲನ್ನೂ ಕೆಳಗಿನ ಕೀಲನ್ನೂ ಹಿಡಿಬೇಕು. ತೊಡಿಗೆ ಕಟ್ಟಿದ ಪಟ್ಟಿ ಸೊಂಟದ ಕೀಲನ್ನ ಹಿಡಿಯೂದ ಇಲ್ಲ, ಗಡಿಯಾರದ ಲೋಲಕದಂಗ ಜೋತಾಡಿ ಮುರಿದ ಜಾಗಾನ್ನ ಇನ್ನಷ್ಟು ಅಲ್ಲಾಡಸ್ತದ. ಮರಿಗೆ ಕ್ಯಾಲಸ್ (ಮುರಿದ ಜಾಗ ಕೂಡಿಸೂ ಹೊಸ ಮೂಳಿ) ಬೇಗ, ಭಾಳ ಬರ್ತದ. ನೆಟ್ಟಗಿಟ್ಟ ಕಾಲಿನಾಗ ಕ್ವಾಡ್ರಿಸೆಪ್ಸ್ (ತೊಡಿ ಮುಂಭಾಗದ ಸ್ನಾಯು) ಆ ಕ್ಯಾಲಸ್‌ಗೆ ಅಂಟತದ. ಕೆಲವೇ ವಾರದಾಗ ಮಂಡಿ ಮಡಚಂಗಿಲ್ಲ, ಹಾಕ್ (ಹಿಂಗಾಲಿನ ಹಿಮ್ಮಡಿ ಕೀಲು) ಕೂಡ ನೆಟ್ಟಗ ನಿಲ್ತದ, ತೊಡಿ ಮುಂಭಾಗ ಹಗ್ಗದಂಗ ಗಟ್ಟಿ, ಚಿಪ್ಪು ಮ್ಯಾಲ ಸರದಿರ್ತದ. ಆಮ್ಯಾಲ ಬಿಡಿಸಾಕ ಆಪರೇಷನ್ ಮಾಡಿದ್ರೂ ಫಲ ಕಡಿಮಿ. ಎಷ್ಟೋ ಕಾಲು ಕತ್ತರಿಸೂ ಹಂತಕ್ಕ ಹೋಗತಾವ. ‘ಕಾಲು ಮಡಚಬೇಡಿ’ ಅನ್ನೂ ಒಂದು ಸಾಲು ಈ ಮರಿಗಳ ಕಾಲು ತಿಂತದ.

*ಮಂಡ್ಯ:* ಆಪರೇಷನ್ ಮಾಡಿ ಮೂಳೆಗೆ ಪಿನ್ ಹಾಕಿದ ಮೇಲೂನಾ?

*ಧಾರವಾಡ:* ಹೌದ್ರಿ. ಪಿನ್ ಸರಿ ಕುಂತ್ರೂ ಕಾಲು ನೆಟ್ಟಗ ಚಾಚಿ ಮಲಗಿದ್ರ ಬಿಗೀತದ. ಆಪರೇಷನ್ ಟೇಬಲ್ ಮ್ಯಾಲನ ಮಂಡಿ, ಹಾಕ್ ಎರಡೂ 90 ಡಿಗ್ರಿಗೆ ಮಡಚಿ ಬ್ಯಾಂಡೇಜ್ ಹಾಕಿ ಮೂರು ದಿನ ಬಿಡ್ರಿ, ಬಿಚ್ಚಿದ ದಿನದಿಂದ ಮಡಚಿ ಬಿಡಸೂದು ಶುರು ಮಾಡ್ರಿ. ಬ್ಯಾಂಡೇಜ್‌ನಾಗ ನಡುವಿನ ಎರಡು ಬೆರಳು ಕಾಣಬೇಕು. ಆ ಎರಡರ ಉಗುರು ಒಂದರಿಂದ ಒಂದು ದೂರ ಸರಿದ್ರ ಬಾವು ಬಂದದ ಅಂತ ಅರ್ಥ, ತಣ್ಣಗಾದ್ರ ಇನ್ನೂ ಕೆಟ್ಟದ್ದು. ಮುಂಜಾನಿ ತನಕ ಕಾಯಬಾರದು.

*ಮಂಡ್ಯ:* ಒಪ್ಪಿದೆ. ಆದ್ರೆ ‘ಮಡಚಿ’ ಅಂದ್ರೆ ಮನೆಯೋರು ಹಿಡಿದು ಎಳೀತಾರೆ. ನಾಯಿ ಕಚ್ಚುತ್ತೆ, ಎರಡನೇ ದಿನಕ್ಕೆ ಬಿಟ್ಟುಬಿಡ್ತಾರೆ.

*ಉಡುಪಿ:* ಎಳೆಯದಂತೆ ಹೇಳಿಕೊಡಬೇಕು. ನೋವಿನ ಔಷಧ ಕೊಟ್ಟು ಸುಮಾರು ಒಂದು ಗಂಟೆ ಬಿಡಿ. ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ನೋವಿನ ಕಾಲು ಮೇಲೆ. ಒಂದು ಕೈ ಕೀಲಿನ ಮೇಲ್ಭಾಗದಲ್ಲಿ, ಇನ್ನೊಂದು ಕೆಳಭಾಗದಲ್ಲಿ, ಪಾದ ಹಿಡಿದು ಜಗ್ಗಬಾರದು. ಒಂದು ಸಲಕ್ಕೆ ಒಂದೇ ಕೀಲು. ನಿಧಾನ ಮಡಚಿ, ತಡೆ ಸಿಕ್ಕಲ್ಲಿ 10 ಸೆಕೆಂಡ್ ನಿಲ್ಲಿಸಿ, ಬಿಡಿಸಿ. 10ರಿಂದ 15 ಸಲ, ದಿನಕ್ಕೆ ಮೂರು ಹೊತ್ತು. ನಾಯಿ ತಲೆ ತಿರುಗಿಸಿ ನೋಡಿದರೆ, ತುಟಿ ನೆಕ್ಕಿದರೆ, ಸ್ನಾಯು ಬಿಗಿ ಹಿಡಿದರೆ ಅದೇ ಗಡಿ. ಕೂಗುವ ತನಕ ಹೋಗಲೇಬಾರದು. ಎಫ್‌ಎಚ್‌ಒಗೆ ಮುಖ್ಯವಾದದ್ದು ಸೊಂಟವನ್ನು ಹಿಂದಕ್ಕೆ ಚಾಚುವುದು, ಮರಿಯ ಫೀಮರ್‌ಗೆ ಮಂಡಿ ಮಡಚುವುದು.

*ಬೆಂಗಳೂರು:* ಔಷಧ ಅಂದಾಗ ಸೇರಿಸಿ: ಮನೆಯಲ್ಲಿರೋ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಗೆ ಕೊಡಬಾರದು, ಹೊಟ್ಟೆ ಹುಣ್ಣು, ಕಿಡ್ನಿ ಹಾನಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಕೊಲ್ಲಬಹುದು.
ಶಾಖದ ವಿಷಯಾನೂ ಹೇಳಿ. ಮೊದಲ 3 ದಿನ ತಣ್ಣನೆಯದೇ: ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 10-15 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಬಿಸಿ ಶಾಖ ಬಾವು ಇಳಿದ ಮೇಲೆ, ವ್ಯಾಯಾಮಕ್ಕೆ ಮುಂಚೆ. ಎಣ್ಣೆ ಹಚ್ಚಿ ಗಟ್ಟಿ ತಿಕ್ಕಿದರೆ ಗಾಯದ ಕೆಳಗೆ ನೀರು ತುಂಬುತ್ತೆ, ನಾಯಿ ಆ ಜಾಗ ನೆಕ್ಕಿ ನೆಕ್ಕಿ ಸೋಂಕು ತರುತ್ತೆ.

*ಮಂಡ್ಯ:* ಈಜು? ನೀರಲ್ಲಿ ಭಾರ ಬೀಳಲ್ಲ ಅಂತಾರಲ್ಲ.

*ಬೆಂಗಳೂರು:* ಅಂಡರ್‌ವಾಟರ್ ಟ್ರೆಡ್‌ಮಿಲ್ (ನೀರಿನ ತೊಟ್ಟಿಯೊಳಗೆ ನಡೆಸೋ ಯಂತ್ರ) ಬೇರೆ, ಈಜು ಬೇರೆ. ಟ್ರೆಡ್‌ಮಿಲ್‌ನಲ್ಲಿ ಪಾದ ನೆಲದ ಮೇಲೇ ಇರುತ್ತೆ. ನೀರು ಹಾಕ್ ಮಟ್ಟದಲ್ಲಿದ್ದರೆ ಕಾಲುಗಳ ಮೇಲೆ ದೇಹತೂಕದ ಸುಮಾರು 91%, ಮಂಡಿಗೆ ಬಂದರೆ 85%, ಸೊಂಟಕ್ಕೆ ಬಂದರೆ 38%. ಮಂಡಿ ತನಕ ನೀರು ತುಂಬಿ ಭಾರ ಇಳಿಸಿದೆವು ಅಂದ್ಕೊಳ್ಳೋದು ತಪ್ಪು. ಈಜುವಾಗ ಮಂಡಿ ಚೆನ್ನಾಗಿ ಮಡಚುತ್ತೆ, ಪೂರ್ತಿ ಚಾಚಲ್ಲ, ಮೂಳೆ ಮೇಲೆ ಭಾರ ಹಾಕೋದನ್ನೂ ನಾಯಿ ಕಲಿಯಲ್ಲ. ಗಾಬರಿಯಲ್ಲಿ ಒದೆಯೋ ಒದೆತ ಹೊಸ ಪ್ಲೇಟ್‌ಗೆ ಒಳ್ಳೇದಲ್ಲ. ಹೊಲಿಗೆ ಬಿಚ್ಚಿ ಗಾಯ ಒಣಗೋ ತನಕ ಯಾವ ನೀರೂ ಬೇಡ. ಕೆರೆ ಬೇಡವೇ ಬೇಡ, ಲೆಪ್ಟೊ (ಇಲಿಜ್ವರ) ಇದೆ, ಜಾರೋ ದಂಡೆ ಇದೆ.

*ಮಂಡ್ಯ:* ನಮ್ಮಲ್ಲಿ ಟ್ರೆಡ್‌ಮಿಲ್ ಇಲ್ಲ. ಟಿಪಿಎಲ್‌ಒಗೆ ನೆಲದ ಮೇಲೆ ಎಷ್ಟು ಬಿಡ್ಲಿ? ಅದನ್ನಾದ್ರೂ ಬರೀಬಹುದಾ?

*ಉಡುಪಿ:* ಬರೆಯಿರಿ, ಆದರೆ ಮೇಲೆ ಟಿಪಿಎಲ್‌ಒ ಎಂದು ದಪ್ಪಕ್ಷರದಲ್ಲಿರಲಿ. ಗೂಡು ಇರಲಿ, ಹೊರಗೆ ಬಂದಾಗಲೆಲ್ಲ ಗಿಡ್ಡ ಹಗ್ಗ. ಮೊದಲೆರಡು ವಾರ 5 ನಿಮಿಷದ ನಡಿಗೆ ದಿನಕ್ಕೆ ಮೂರು ಸಲ, ಆಮೇಲೆ ವಾರಕ್ಕೆ 5 ನಿಮಿಷ ಹೆಚ್ಚಿಸಿ. ನಿಧಾನಕ್ಕೇ ನಡೆಸಬೇಕು. ಬೇಗ ನಡೆದರೆ ನಾಯಿ ಆ ಕಾಲು ಎತ್ತಿಕೊಂಡು ಮೂರರಲ್ಲಿ ಓಡುತ್ತದೆ, ನಿಧಾನವಾದಾಗ ಊರಲೇಬೇಕು. ಮರುದಿನ ಕುಂಟು ಹೆಚ್ಚಾದರೆ ಒಂದು ದಿನ ಬಿಡುವು ಕೊಟ್ಟು, ಹಿಂದಿನದರ ಅರ್ಧಕ್ಕೆ ಇಳಿಸಿ. ನಾಲ್ಕನೇ ವಾರದ ಹೊತ್ತಿಗೆ ಕೂರಿಸಿ ಏಳಿಸುವುದು, 5 ಸಲದಿಂದ ಶುರು. ಆಪರೇಷನ್ ಆದ ಕಾಲು ಗೋಡೆಯ ಕಡೆ ಬರುವಂತೆ ಮೂಲೆಯಲ್ಲಿ ಕೂರಿಸಿದರೆ ಕಾಲನ್ನು ಹೊರಗೆ ಚಾಚಿ ಕೂರಲಾಗುವುದಿಲ್ಲ.

*ಧಾರವಾಡ:* ನೆಲದ ಬಗ್ಗೆ ಬರೀರಿ. ನುಣುಪು ಟೈಲ್ಸ್ ಮ್ಯಾಲ ಹಿಂದಿನ ಕಾಲು ಜಾರಿದ್ರ ಒಂದು ಕ್ಷಣದಾಗ ಎಲ್ಲಾ ಹೋಗತದ. ಗೋಣಿಚೀಲ ಸರಿದಾಡತಾವ, ತಳಕ್ಕ ರಬ್ಬರ್ ಇರೂ ಚಾಪಿ ಬೇಕು. ಪಾದದ ಗಾದಿ ನಡುವಿನ ಕೂದಲಾ ಕತ್ತರಿಸ್ರಿ. ಉಚ್ಚಿಗೆ ಕರಕೊಂಡು ಹೋಗೂ ಮುಂದ ಹೊಟ್ಟಿ ಕೆಳಗ, ಹಿಂಗಾಲಿನ ಮುಂದ ಟವೆಲ್ ಹಾಕಿ ಹಿಡೀರಿ. ಎತ್ತಬ್ಯಾಡ್ರಿ, ಬೀಳದಂಗ ಆಸರಾ ಅಷ್ಟ.

*ಬೆಂಗಳೂರು:* ತೂಕ! ಓಡಾಟ ನಿಂತ ನಾಯಿಗೆ ಅಷ್ಟೇ ಅನ್ನ ಹಾಕಿದರೆ ತಿಂಗಳಲ್ಲಿ ಗೊತ್ತಾಗುತ್ತೆ. 30 ಕೆಜಿ ನಾಯಿಗೆ ವಿಶ್ರಾಂತಿಯಲ್ಲಿ ದಿನಕ್ಕೆ ಬೇಕಾಗೋದು ಸುಮಾರು 900 ಕಿಲೋಕ್ಯಾಲರಿ. ಬಿಸ್ಕತ್ತು, ತುಪ್ಪದ ಅನ್ನ ಎಲ್ಲ ಅದರೊಳಗೇ ಲೆಕ್ಕ.

*ಮಂಡ್ಯ:* ಸರಿ, ಫಾರ್ವರ್ಡ್ ಹಾಕಲ್ಲ. ಟಿಪಿಎಲ್‌ಒಗೆ ಒಂದು, ಎಫ್‌ಎಚ್‌ಒಗೆ ಒಂದು, ಮರಿ ಫೀಮರ್‌ಗೆ ಒಂದು, ಮೂರು ಬೇರೆ ಚೀಟಿ ಮಾಡ್ತೀನಿ. ಆದ್ರೂ ಒಂದು ಮಾತು. 8ನೇ ವಾರದ ಎಕ್ಸ್-ರೇ ನೋಡದೆ ಟಿಪಿಎಲ್‌ಒ ನಾಯೀನ ಹಗ್ಗ ಬಿಚ್ಚಿ ಬಿಡೋದಕ್ಕೆ ನಾನು ಯಾವತ್ತೂ ಒಪ್ಪಲ್ಲ.

*ಧಾರವಾಡ:* ಅದಕ್ಕ ಯಾರೂ ಬ್ಯಾಡ ಅನ್ನಂಗಿಲ್ರಿ. ಮರಿ ಚೀಟಿ ಮೊದಲ ಮಾಡ್ರಿ, ಅದಕ್ಕ 8 ವಾರ ಟೈಮ್ ಇಲ್ಲ. ಕನ್ನಡದಾಗ ಇರ್ಲಿ, 90 ಡಿಗ್ರಿ ಮಡಚಿದ ಕಾಲಿನ ಚಿತ್ರ ಹಾಕ್ರಿ.

*ಉಡುಪಿ:* ಚಿತ್ರ ನಾನು ಕಳಿಸುತ್ತೇನೆ. ಉಗುರು ದೂರ ಸರಿದಾಗ ಹೇಗೆ ಕಾಣುತ್ತದೆ ಎಂಬುದನ್ನೂ ಪಕ್ಕದಲ್ಲೇ ಹಾಕಿ.