ಶನಿವಾರ ರಾತ್ರಿ, ಬೆಂಗಳೂರು, ಆರು ಜನ: ಕ್ಲಬ್ ಆರಿಸೋದು ಹೇಗೆ?

ಬೆಣ್ಣೆನಗರಿ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ದಾವಣಗೆರೆಯಿಂದ ಬೆಂಗಳೂರಿಗೆ ಬರ್ತಿದ್ದೇವೆ. ನಾಲ್ವರು ಹುಡುಗರು, ಇಬ್ಬರು ಹುಡುಗಿಯರು, ಎಲ್ಲರಿಗೂ 23ರಿಂದ 25 ವಯಸ್ಸು. ಒಬ್ಬ ಕುಡಿಯೋದಿಲ್ಲ. ರೂಮು ಮೆಜೆಸ್ಟಿಕ್ ಹತ್ತಿರ. ತಲೆಗೆ 2,500 ರೂಪಾಯಿ ಇಟ್ಟುಕೊಂಡಿದ್ದೇವೆ. ಕುಣಿಯೋಕೆ ಜಾಗ ಬೇಕು, ಕನ್ನಡ ಹಾಡು ಸಿಕ್ಕರೆ ಇನ್ನೂ ಖುಷಿ. ರೀಲ್ಸ್ ನೋಡಿದರೆ ಎಲ್ಲ ಕ್ಲಬ್ಬೂ ಒಂದೇ ಥರ ಕಾಣುತ್ತೆ. ಯಾವುದನ್ನ ನೋಡಿ ಆರಿಸಬೇಕು?

ಹಲಸೂರು ದಂಡೆ

ಮೊದಲು ಗಡಿಯಾರ ನೋಡಿ, ಆಮೇಲೆ ಕ್ಲಬ್ಬಿನ ಹೆಸರು. 2024ರ ಆಗಸ್ಟ್ ಆದೇಶದ ಪ್ರಕಾರ ನಗರದ ಬಾರು, ಪಬ್ಬು, ಕ್ಲಬ್ಬುಗಳು ರಾತ್ರಿ 1ರವರೆಗೆ ತೆರೆದಿರಬಹುದು. ಅಂದರೆ ಕೊನೆ ಆರ್ಡರ್ ಸುಮಾರು 12.30ಕ್ಕೆ, ಒಂದಕ್ಕೆ ದೀಪ ಹಾಕಿ ಎಲ್ಲರನ್ನೂ ಹೊರಗೆ ಕಳಿಸ್ತಾರೆ. ಡ್ಯಾನ್ಸ್ ಫ್ಲೋರ್ ತುಂಬೋದು ಹತ್ತೂವರೆ ಮೇಲೆ. ಹಾಗಾಗಿ ನಿಮಗೆ ನಿಜವಾಗಿ ಸಿಗೋದು ಎರಡು ಗಂಟೆಯ ಕುಣಿತ. ಹನ್ನೊಂದೂವರೆಗೆ ಹೋಗಿ ಕ್ಯೂನಲ್ಲಿ ನಿಂತರೆ ಆ ಎರಡು ಗಂಟೆಯಲ್ಲಿ ಅರ್ಧ ಫುಟ್‌ಪಾತಿನಲ್ಲೇ ಕಳೆಯುತ್ತೆ. ಒಂಬತ್ತೂವರೆ ಒಳಗೆ ಒಳಗಿರಿ. ಒಂದೇ ರಾತ್ರಿಗೆ ಎರಡು ಕ್ಲಬ್ ಇಟ್ಟುಕೊಳ್ಳಬೇಡಿ, ಎರಡು ಸಲ ಕವರ್ (ಬಾಗಿಲಲ್ಲಿ ಕಟ್ಟೋ ದುಡ್ಡು) ಕಟ್ಟಿ ಎರಡರಲ್ಲೂ ಸರಿಯಾಗಿ ಕುಣಿಯದೆ ಬರ್ತೀರಿ.

ಇನ್ನು ಏರಿಯಾ. ಚರ್ಚ್ ಸ್ಟ್ರೀಟಿನಲ್ಲಿ ಹೆಚ್ಚಿನವು ಕೂತು ಕುಡಿಯೋ ಪಬ್ಬುಗಳು. ರೆಸ್ಟ್ ಹೌಸ್ ರೋಡಿನ ಪೆಕೋಸ್ 1989ರಿಂದ ಇದೆ, ಹಳೇ ರಾಕ್ ಸಂಗೀತಕ್ಕೆ ಹೆಸರು. ಅದಕ್ಕೆ ಹೋಗೋದಾದರೆ ಹಾಡು ಕೇಳೋಕೆ ಹೋಗಿ, ಕುಣಿಯೋಕಲ್ಲ. ಇಂದಿರಾನಗರದ 100 ಅಡಿ ರಸ್ತೆ ಮತ್ತು 12ನೇ ಮೇನ್‌ನಲ್ಲಿ ಎಲ್ಲ ಬಗೆಯೂ ಸಿಗುತ್ತೆ. ಆದರೆ ಹಿಂದಿನ ಬೀದಿಯಲ್ಲೇ ಮನೆಗಳಿವೆ, ಸದ್ದಿನ ಬಗ್ಗೆ ನಿವಾಸಿಗಳ ದೂರು ವರ್ಷಗಳಿಂದ ನಡೀತಿದೆ. ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಹಾಗಾಗಿ ರೂಫ್‌ಟಾಪ್ ಜಾಗಗಳಲ್ಲಿ ಆ ಹೊತ್ತಿಗೆ ಹಾಡು ತಗ್ಗುತ್ತೆ ಅಥವಾ ನಿಲ್ಲುತ್ತೆ. ರೀಲ್ಸಿನಲ್ಲಿ ಕಾಣೋ ಆಕಾಶ, ದೀಪದ ಸಾಲು ಎಲ್ಲ ಸಂಜೆ ಏಳರ ಚೆಲುವು. ನಿಮಗೆ ಬೇಕಿರೋದು ನಾಲ್ಕು ಗೋಡೆ, ಮೇಲೆ ಸೂರು ಇರೋ ಒಳಾಂಗಣದ ಫ್ಲೋರ್. ಕೋರಮಂಗಲದಲ್ಲಿ ನಿಮ್ಮ ವಯಸ್ಸಿನವರು ಜಾಸ್ತಿ, ಆದರೆ ಹತ್ತಿರದಲ್ಲಿ ಮೆಟ್ರೋ ಇಲ್ಲ. ವೈಟ್‌ಫೀಲ್ಡ್, ಹೆಬ್ಬಾಳದ ಕಡೆ ಫ್ಲೋರ್ ದೊಡ್ಡದಿರುತ್ತೆ, ಮೆಜೆಸ್ಟಿಕ್‌ಗೆ ವಾಪಸ್ ಬರೋ ಖರ್ಚೂ ಅಷ್ಟೇ ದೊಡ್ಡದು. ನಿಮಗೆ ನನ್ನ ಆಯ್ಕೆ ಎಂ.ಜಿ. ರೋಡ್ ಸುತ್ತಮುತ್ತ ಅಥವಾ ಇಂದಿರಾನಗರ.

ಬಾಗಿಲಲ್ಲಿ ನಿಂತವ

ನಾಲ್ವರು ಹುಡುಗರು, ಇಬ್ಬರು ಹುಡುಗಿಯರು ಅಂದರೆ ಬಾಗಿಲಿನ ಲೆಕ್ಕದಲ್ಲಿ ಎರಡು ಕಪಲ್, ಇಬ್ಬರು ಸ್ಟ್ಯಾಗ್ (ಜೊತೆಗೆ ಹುಡುಗಿ ಇಲ್ಲದ ಗಂಡು). ಶನಿವಾರ ಹಲವು ಕಡೆ ಸ್ಟ್ಯಾಗ್‌ಗೆ ಪ್ರವೇಶವೇ ಇಲ್ಲ, ಇದ್ದರೆ ಬೇರೆ ದರ. ಈ ತಾರತಮ್ಯ ನನಗೂ ಹಿಡಿಸಲ್ಲ, ಆದರೆ ಬಾಗಿಲಲ್ಲಿ ವಾದ ಮಾಡಿ ಗೆದ್ದವರಿಲ್ಲ. ಆರೂ ಜನ ಒಟ್ಟಿಗೆ ಬನ್ನಿ. ಹುಡುಗಿಯರು ಮೊದಲು ಒಳಗೆ ಹೋಗಿ ಹುಡುಗರು ಅರ್ಧ ಗಂಟೆ ಬಿಟ್ಟು ಬಂದರೆ ನಾಲ್ವರೂ ಸ್ಟ್ಯಾಗ್ ಆಗ್ತೀರಿ.

ಗುರುವಾರ ಅಥವಾ ಶುಕ್ರವಾರ ಮಧ್ಯಾಹ್ನ ಕ್ಲಬ್ಬಿಗೆ ಫೋನ್ ಮಾಡಿ. ಮಧ್ಯಾಹ್ನ ಮೂರರಿಂದ ಐದರೊಳಗೆ ಮ್ಯಾನೇಜರ್ ಬಿಡುವಾಗಿ ಸಿಗ್ತಾರೆ, ರಾತ್ರಿ ಎಂಟಕ್ಕೆ ಮಾಡಿದರೆ "ಬನ್ನಿ ಸಾರ್ ನೋಡೋಣ" ಅಷ್ಟೇ. ಹೀಗೆ ಕೇಳಿ: "ಶನಿವಾರ ಆರು ಜನ, ನಾಲ್ಕು ಗಂಡು ಎರಡು ಹೆಣ್ಣು. ಕಪಲ್‌ಗೆಷ್ಟು, ಸ್ಟ್ಯಾಗ್‌ಗೆಷ್ಟು? ಅದರಲ್ಲಿ ಎಂಟ್ರಿ ಎಷ್ಟು, ಕವರ್ ಎಷ್ಟು? ಎಷ್ಟು ಗಂಟೆಯೊಳಗೆ ಬಂದರೆ ಗೆಸ್ಟ್‌ಲಿಸ್ಟ್? ಅವತ್ತು ಯಾವ ಮ್ಯೂಸಿಕ್?" ಗೆಸ್ಟ್‌ಲಿಸ್ಟ್ ಅಂದರೆ ಮೊದಲೇ ಹೆಸರು ಕೊಟ್ಟವರ ಪಟ್ಟಿ. ಉತ್ತರವನ್ನ ವಾಟ್ಸಾಪಿನಲ್ಲಿ ಬರೆದು ಕಳಿಸೋಕೆ ಹೇಳಿ. ಬಾಗಿಲಲ್ಲಿ ರೇಟು ಬದಲಾದರೆ ತೋರಿಸೋಕೆ ಅದೊಂದೇ ಆಧಾರ.

ಎಂಟ್ರಿ ಬೇರೆ, ಕವರ್ ಬೇರೆ. ಎಂಟ್ರಿ ಅಂದರೆ ಹೋದ ದುಡ್ಡು. ಕವರ್ ಅಂದರೆ ಅಷ್ಟೂ ಮೊತ್ತಕ್ಕೆ ಒಳಗೆ ತಿನ್ನಬಹುದು, ಕುಡಿಯಬಹುದು. ಕಪಲ್‌ಗೆ 3,000, ಅದರಲ್ಲಿ 2,000 ಕವರ್ ಅಂದರೆ ಸಾವಿರ ಬಾಗಿಲಲ್ಲೇ ಹೋಯ್ತು. ಪೂರ್ತಿ ಕವರ್ ಇರೋ ಕಡೆಯನ್ನೇ ಹಿಡಿಯಿರಿ. ಉಳಿದ ಕವರ್ ವಾಪಸ್ ಬರಲ್ಲ, ಆ ರಾತ್ರಿಗೇ ಮುಗೀತು. 12.30ಕ್ಕೆ ಕೌಂಟರ್ ಮುಂದೆ ನುಗ್ಗೋ ಗುಂಪೆಲ್ಲ ಇದೇ ಉಳಿಕೆ ಖಾಲಿ ಮಾಡೋಕೆ ಬಂದವರು. ನೀವು ಊಟವನ್ನ ಹತ್ತರೊಳಗೆ ಅದೇ ಕವರಿನಲ್ಲಿ ಮುಗಿಸಿ. ಕಿಚನ್ ಸಾಮಾನ್ಯವಾಗಿ ಬಾರಿಗಿಂತ ಮೊದಲೇ ಮುಚ್ಚುತ್ತೆ. ಕುಡಿಯದವರ ಪಾಲಿನ ಕವರ್ ಊಟಕ್ಕೆ ಹಾಕಿದರೆ ಯಾರಿಗೂ ನಷ್ಟವಿಲ್ಲ.

ಬುಕಿಂಗ್ ಆ್ಯಪಿನ ರಿಯಾಯಿತಿ ಮತ್ತು ಬಾಗಿಲಿನ ಕವರ್ ಎರಡೂ ಒಟ್ಟಿಗೆ ನಡೆಯದ ಕಡೆ ಬಹಳ ಇವೆ. ಅದನ್ನೂ ಫೋನಿನಲ್ಲೇ ಕೇಳಿ.

ವಯಸ್ಸಿನ ಪುರಾವೆ ಆರೂ ಜನರ ಹತ್ತಿರ ಇರಲಿ. ಬಾಗಿಲಲ್ಲಿ ನೋಡೋದು 21. ಗ್ಯಾಲರಿಯಲ್ಲಿರೋ ಆಧಾರ್ ಫೋಟೋ ಒಪ್ಪದ ಕಡೆ ಡಿಜಿಲಾಕರ್ ತೆರೆದು ತೋರಿಸಿ, ಡಿಎಲ್ ಕಾರ್ಡೇ ಇದ್ದರೆ ಇನ್ನೂ ಸಲೀಸು. ಗಂಡಸರಿಗೆ ಚಪ್ಪಲಿ, ಫ್ಲೋಟರ್ಸ್, ಚಡ್ಡಿ, ತೋಳಿಲ್ಲದ ಬನಿಯನ್ ನಡೆಯಲ್ಲ. ಜೀನ್ಸು, ಮುಚ್ಚಿದ ಶೂ ಸಾಕು.

ಕೈಗೆ ಕಟ್ಟೋ ಕಾಗದದ ಪಟ್ಟಿ ಬಗ್ಗೆ ಒಂದು ಮಾತು. ಅಂಟಿಸುವಾಗ ಒಂದು ಬೆರಳು ತೂರುವಷ್ಟು ಸಡಿಲ ಬಿಡಿಸಿಕೊಳ್ಳಿ, ಕೂದಲಿನ ಮೇಲೆ ಅಂಟಿಸೋಕೆ ಬಿಡಬೇಡಿ. ಬೆವರಿಗೆ ಬಿಚ್ಚಿಕೊಂಡರೆ ತುಂಡನ್ನ ಜೇಬಿನಲ್ಲಿಡಿ. ಸಿಗರೇಟಿಗೆ ಹೊರಗೆ ಹೋದವರು ಪಟ್ಟಿ ಇಲ್ಲದೆ ಮತ್ತೆ ಒಳಗೆ ಬರೋಕಾಗಲ್ಲ.

ಹುಬ್ಬಳ್ಳಿ ಕೂಸು

ಕನ್ನಡ ಹಾಡಿನ ವಿಚಾರ ಹೇಳ್ತೀನಿ ನೋಡ್ರಿ. ಕ್ಲಬ್ಬಿನ ಇನ್‌ಸ್ಟಾ ಪುಟದಾಗ ಆ ಶನಿವಾರದ ಪೋಸ್ಟರ್ ನೋಡ್ರಿ, ಹೋದ ತಿಂಗಳಿಂದಲ್ಲ. ಒಂದ ಜಾಗದಾಗ ಶುಕ್ರವಾರ ಟೆಕ್ನೋ, ಶನಿವಾರ ಬಾಲಿವುಡ್ ಇರತದ. ಟೆಕ್ನೋ ರಾತ್ರಿ ಡಿಜೆ ಯಾರ ಮಾತೂ ಕೇಳಂಗಿಲ್ಲ, ಅದು ಅವರ ಸೆಟ್. "ಓಪನ್ ಫಾರ್ಮ್ಯಾಟ್", "ಕಮರ್ಷಿಯಲ್" ಅಂತ, ಅಂದ್ರ ಎಲ್ಲಾ ಥರದ ಹಿಟ್ ಹಾಡು ಹಾಕೋ ರಾತ್ರಿ ಅಂತ ಇದ್ರ ಕೇಳಬಹುದು. ಹತ್ತೂವರೆ ಒಳಗ, ಎರಡೇ ಹಾಡಿನ ಹೆಸರು ಫೋನಿನ ಸ್ಕ್ರೀನ್ ಮ್ಯಾಲೆ ದೊಡ್ಡ ಅಕ್ಷರದಾಗ ಬರದು ತೋರಸ್ರಿ. ಹತ್ತು ಹಾಡಿನ ಪಟ್ಟಿ ಕೊಟ್ರ ಒಂದೂ ಬರಂಗಿಲ್ಲ. ಪೂರ್ತಿ ಕನ್ನಡ ರಾತ್ರಿ ಬೇಕಂದ್ರ ಪೋಸ್ಟರಿನಾಗ "ಕನ್ನಡ ನೈಟ್" ಅಂತ ಇರೋದನ್ನ ಹುಡಕ್ರಿ, ನವೆಂಬರ್‌ನಾಗ ಭಾಳ ಇರ್ತಾವ. ನಮ್ಮೂರಿನ ರಾಜಧಾನ್ಯಾಗ ನಮ್ಮ ಹಾಡಿಗೆ ಕುಣಿಯೋದು ನಮ್ಮ ಹಕ್ಕ, ಕೇಳಾಕ ಹಿಂಜರೀಬ್ಯಾಡ್ರಿ.

ಇನ್ನೊಂದು. ಬೋರ್ಡಿನ ಮ್ಯಾಲೆ "ಲೈವ್ ಬ್ಯಾಂಡ್" ಅಂತ ಇದ್ದ ಕೂಡಲೇ ಗಿಟಾರ್ ತಂಡ ಅಂತ ತಿಳ್ಕೋಬ್ಯಾಡ್ರಿ. ಬೆಂಗಳೂರಿನಾಗ ಆ ಹೆಸರಿನ ಬಾರುಗಳ ರೀತಿ ಬ್ಯಾರೆ, ಗಿರಾಕಿಗಳ ಮುಂದ ಹೆಣ್ಣಮಕ್ಕಳು ಹಾಡಿ ಕುಣಿಯೋ ಜಾಗ ಅವು, ನಿಮ್ಮ ಗುಂಪಿಗೆ ಹೊಂದೂದಿಲ್ಲ.

ಅಳತೆ ಗ್ಲಾಸು

ಕುಡಿಯೋ ಐವರಿಗೆ ಲೆಕ್ಕ. ಸ್ಮಾಲ್ 30 ಎಂಎಲ್, ಲಾರ್ಜ್ 60. ವಿಸ್ಕಿ, ರಮ್ಮು, ವೋಡ್ಕಾ ಹೆಚ್ಚಾಗಿ ಶೇ. 42.8. ಅಂದರೆ ಒಂದು ಲಾರ್ಜಿನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್. ಶೇ. 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅಂದರೆ ಎರಡು ಲಾರ್ಜ್! ಬಿಯರ್ ಅಂತ ಹಗುರವಾಗಿ ಎಣಿಸಿದವರು ಕೆಡೋದು ಇಲ್ಲೇ. ಶೇ. 5ರ ಒಂದೂವರೆ ಲೀಟರ್ ಪಿಚರ್ (ಜಗ್) ಅಂದರೆ ಮೂರು ಲಾರ್ಜ್, ಅದನ್ನ ಮೂವರು ಹಂಚಿಕೊಳ್ಳಿ. ಲಾಂಗ್ ಐಲ್ಯಾಂಡ್ ಐಸ್‌ಡ್ ಟೀ ಅನ್ನೋ ಕಾಕ್‌ಟೇಲಿನಲ್ಲಿ ನಾಲ್ಕೈದು ಮದ್ಯ ತಲಾ 15 ಎಂಎಲ್ ಬೀಳುತ್ತೆ. ಕೋಲಾದ ಸಿಹಿಯಲ್ಲಿ ಗೊತ್ತಾಗೋದೇ ಇಲ್ಲ. ಒಂದು ಲಾರ್ಜ್ ಇಳಿಯೋಕೆ ದೇಹಕ್ಕೆ ಎರಡು ಗಂಟೆಗೂ ಹೆಚ್ಚು ಬೇಕು. ಕಾಫಿ, ನಿಂಬೆಹಣ್ಣು, ತಣ್ಣೀರು ಯಾವುದೂ ಅದನ್ನ ಬೇಗ ಇಳಿಸಲ್ಲ. ಮೊದಲು ಅನ್ನವೋ ರೊಟ್ಟಿಯೋ ಹೊಟ್ಟೆಗಿರಲಿ, ಪ್ರತಿ ಗ್ಲಾಸಿಗೆ ಒಂದು ಗ್ಲಾಸ್ ನೀರು.

ಟೇಬಲ್ ತಗೊಂಡು ಬಾಟಲಿ ಹೇಳೋ ಆಸೆ ಬಂದರೆ: 750 ಎಂಎಲ್ ಅಂದರೆ ಹನ್ನೆರಡೂವರೆ ಲಾರ್ಜ್. ಬಾಟಲಿಯ ಬೆಲೆಯನ್ನ ಹನ್ನೆರಡರಿಂದ ಭಾಗಿಸಿ, ಮೆನುವಿನ ಲಾರ್ಜ್ ಬೆಲೆಗೆ ಹೋಲಿಸಿ. ಐವರಿಗೆ ತಲಾ ಎರಡೂವರೆ ಬರುತ್ತೆ. ಅದಕ್ಕಿಂತ ಹೆಚ್ಚು ಬೇಡ. ಸೀಲು ನಿಮ್ಮ ಕಣ್ಮುಂದೆ ಒಡೆಯಲಿ.

ಹೊಗೆ ಏಳೋ ಕಾಕ್‌ಟೇಲ್ ಬಂದರೆ ಹೊಗೆ ಪೂರ್ತಿ ನಿಲ್ಲೋವರೆಗೆ ಬಾಯಿಗೆ ಇಡಬೇಡಿ. ಅದು ದ್ರವ ಸಾರಜನಕವಾಗಿದ್ದರೆ ಹನಿ ಹೊಟ್ಟೆಗೆ ಹೋದರೂ ಜಠರಕ್ಕೆ ತೂತು ಬೀಳಬಹುದು.

ಎರಡನೇ ಮೆಟ್ಟಿಲು

ಯಾರೂ ಹೇಳಿಲ್ಲ, ಅದಕ್ಕೇ ಬರೀತಿದ್ದೇನೆ. 2017ರ ಡಿಸೆಂಬರ್‌ನಲ್ಲಿ ಮುಂಬೈನ ಕಮಲಾ ಮಿಲ್ಸ್ ಆವರಣದ ರೂಫ್‌ಟಾಪ್ ಬೆಂಕಿಯಲ್ಲಿ 14 ಜನ ತೀರಿಕೊಂಡರು, ಹಲವರು ಶೌಚಾಲಯದೊಳಗೆ ಹೊಗೆ ಕುಡಿದು. 2025ರ ಡಿಸೆಂಬರ್‌ನಲ್ಲಿ ಗೋವಾದ ಅರ್ಪೋರಾದಲ್ಲಿ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಹೋದರು, ಹೆಚ್ಚಿನವರು ಅಲ್ಲಿ ಕೆಲಸ ಮಾಡುತ್ತಿದ್ದವರು. ಒಳಗೆ ಹೋದ ಮೊದಲ ಐದು ನಿಮಿಷದಲ್ಲಿ ಎರಡನೇ ದಾರಿ ಎಲ್ಲಿದೆ ಅಂತ ಹುಡುಕಿ. ಹಸಿರು ಬೋರ್ಡ್ ಇದ್ದರೆ ಸಾಲದು, ಆ ಬಾಗಿಲವರೆಗೆ ನಡೆದು ಹೋಗಿ ಚಿಲಕಕ್ಕೆ ಬೀಗ ಇದೆಯಾ, ಮೆಟ್ಟಿಲ ಮೇಲೆ ಬಿಯರ್ ಕ್ರೇಟ್, ಮುರಿದ ಕುರ್ಚಿ ಪೇರಿಸಿದ್ದಾರಾ ನೋಡಿ. ಸೂರಿಗೆ ಹುಲ್ಲು, ಬಿದಿರು, ಬಟ್ಟೆಯ ಅಲಂಕಾರ ಇದ್ದು, ಕೆಳಗೆ ಬಾಟಲಿಗೆ ಹೂಕುಂಡದ ಥರ ಕಿಡಿ ಹಾರಿಸೋದನ್ನ ಸಿಕ್ಕಿಸಿಕೊಂಡು ಬರ್ತಿದ್ದರೆ ಕವರ್ ದುಡ್ಡಿನ ಆಸೆ ಬಿಟ್ಟು ಹೊರಡಿ. ಹೊಗೆ ಕಂಡರೆ ಲಿಫ್ಟೂ ಬೇಡ, ಶೌಚಾಲಯವೂ ಬೇಡ, ಬಗ್ಗಿಕೊಂಡು ಮೆಟ್ಟಿಲ ಕಡೆ.

ನಿಯಮ ಪಾಲಿಸೋ ಜಾಗ ಹೌದೋ ಅಲ್ಲವೋ ಅಂತ ತಿಳಿಯೋಕೆ ಸುಲಭದ ಗುರುತು ಹುಕ್ಕಾ. ಕರ್ನಾಟಕದಲ್ಲಿ 2024ರ ಫೆಬ್ರುವರಿಯಿಂದ ಹುಕ್ಕಾ ನಿಷೇಧ. ಆದರೂ ತಂದಿಡೋ ಜಾಗ ಬೆಂಕಿಯ ನಿಯಮವನ್ನ ಪಾಲಿಸಿರುತ್ತೆ ಅಂತ ನಾನು ನಂಬಲ್ಲ.

ಬೆಣ್ಣೆನಗರಿ

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ವಾಪಸ್ ಬರೋದು ಹೇಗೆ? ಬಿಲ್ಲಿನಲ್ಲಿ ಏನು ನೋಡಬೇಕು? ಹುಡುಗಿಯರ ಮನೆಯಲ್ಲಿ ಸುರಕ್ಷತೆ ಬಗ್ಗೆ ಕೇಳ್ತಿದ್ದಾರೆ.

ರಾತ್ರಿಪಾಳಿ

ಹೋಗುವಾಗ ನೇರಳೆ ಮಾರ್ಗದ ಮೆಟ್ರೋ. ಮೆಜೆಸ್ಟಿಕ್‌ನಿಂದ ಎಂ.ಜಿ. ರೋಡ್ ನಾಲ್ಕನೇ ನಿಲ್ದಾಣ, ಇಂದಿರಾನಗರ ಏಳನೆಯದು. ಬರುವಾಗ ಮೆಟ್ರೋ ನೆಚ್ಚಬೇಡಿ, ಹನ್ನೊಂದರ ಸುಮಾರಿಗೆ ಮುಗಿಯುತ್ತೆ. ಆಟೋ ಮೀಟರ್ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. ಎಂ.ಜಿ. ರೋಡಿಂದ ಮೆಜೆಸ್ಟಿಕ್ 5 ಕಿ.ಮೀ. ಅಂತಿಟ್ಟುಕೊಂಡರೆ 135 ರೂಪಾಯಿ. ಒಂದು ಗಂಟೆಗೆ ಆ ದರಕ್ಕೆ ಯಾರೂ ಬರಲ್ಲ, ಆದರೆ ಚೌಕಾಸಿಗೆ ನಿಂತಾಗ ಸರಿಯಾದ ಅಂಕಿ ಗೊತ್ತಿರಬೇಕು. ಒಂದು ಆಟೋಗೆ ಮೂರೇ ಜನ, ಆರು ಜನಕ್ಕೆ ಎರಡು ಆಟೋ ಅಥವಾ ಆರು ಸೀಟಿನ ಕ್ಯಾಬ್.

ಇಡೀ ರಸ್ತೆಯ ಕ್ಲಬ್ಬುಗಳು ಒಂದೇ ಹೊತ್ತಿಗೆ ಮುಚ್ಚೋದರಿಂದ 12.50ರಿಂದ 1.30ರವರೆಗೆ ಕ್ಯಾಬ್ ದರ ಏರುತ್ತೆ, ಬುಕ್ ಆದದ್ದೂ ರದ್ದಾಗುತ್ತೆ. 12.20ಕ್ಕೆ ಹೊರಡಿ. ಕ್ಲಬ್ಬಿನ ಬಾಗಿಲಿಗೆ ಗಾಡಿ ಕರೆಸಬೇಡಿ, ದೀಪ ಇರೋ ಪಕ್ಕದ ರಸ್ತೆಗೆ ಎಲ್ಲರೂ ಒಟ್ಟಿಗೆ ನೂರಿನ್ನೂರು ಮೀಟರ್ ನಡೆದು ಅಲ್ಲಿಂದ ಬುಕ್ ಮಾಡಿ. ಸ್ವಂತ ಬೈಕು, ಕಾರು ಬೇಡವೇ ಬೇಡ. ರಕ್ತದ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಬಾಗಿಲಲ್ಲಿ ನಿಂತವ

ಬಿಲ್ಲು ದೀಪದ ಕೆಳಗೆ ಓದಿ, 12 ಗಂಟೆಯ ಮೊದಲೇ ತರಿಸಿ. ಮೇಲಿಂದ ನೋಡ್ತಾ ಬನ್ನಿ: ಗ್ಲಾಸುಗಳ ಸಂಖ್ಯೆ, 30 ಕೇಳಿದ್ದಕ್ಕೆ 60 ಬರೆದಿದ್ದಾರಾ, ಕೇಳದೆ ಇಟ್ಟ ನೀರಿನ ಬಾಟಲಿ, ಕೊನೆಗೆ ಕವರ್ ಕಳೆದಿದ್ದಾರಾ. ಜಿಎಸ್‌ಟಿ ಇರಬೇಕಾದ್ದು ಊಟ, ಸಾಫ್ಟ್ ಡ್ರಿಂಕ್ ಮೇಲೆ, ಕುಡಿಯೋ ಮದ್ಯ ಜಿಎಸ್‌ಟಿಯ ಹೊರಗೆ. ಸರ್ವಿಸ್ ಚಾರ್ಜ್ ತಾನಾಗೇ ಸೇರಿಸಬಾರದು ಅಂತ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. "ತೆಗೆದು ಹೊಸ ಬಿಲ್ ಕೊಡಿ" ಅಂತ ಮೆತ್ತಗೆ ಹೇಳಿ. ಒಪ್ಪದಿದ್ದರೆ ಬಿಲ್ಲಿನ ಫೋಟೋ ತೆಗೆದು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಚೆನ್ನಾಗಿ ನೋಡಿಕೊಂಡ ವೇಟರ್‌ಗೆ ಟಿಪ್ಸ್ ಕೈಗೇ ಕೊಡಿ, ಮಧ್ಯರಾತ್ರಿವರೆಗೆ ನಿಂತೇ ಇರ್ತಾರೆ.

ಹಲಸೂರು ದಂಡೆ

ಹುಡುಗಿಯರಿಗೆ ಅಂತ ಬೇರೆ ನಿಯಮ ಮಾಡೋದಕ್ಕಿಂತ ಆರೂ ಜನಕ್ಕೆ ಒಂದೇ ಇರಲಿ. ಫ್ಲೋರಿಗೆ ಹೋಗುವಾಗ ಗ್ಲಾಸು ಬಿಟ್ಟು ಹೋಗಬೇಡಿ, ಬಿಟ್ಟಿದ್ದರೆ ಅದನ್ನ ಮತ್ತೆ ಕುಡಿಯಬೇಡಿ. ಎರಡೇ ಗ್ಲಾಸಿಗೆ ಯಾರಾದರೂ ತೊದಲೋಕೆ, ತೂಗಾಡೋಕೆ ಶುರು ಮಾಡಿದರೆ ಒಂಟಿಯಾಗಿ ಶೌಚಾಲಯಕ್ಕೂ ಕಳಿಸಬೇಡಿ. ಎಬ್ಬಿಸಿದರೂ ಏಳದಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, 112ಕ್ಕೆ ಫೋನ್ ಮಾಡಿ. ಒಳಗೆ ನೆಟ್‌ವರ್ಕ್ ಸಿಗದ ಕಡೆ ಬಹಳ, ಹಾಗಾಗಿ ಹನ್ನೊಂದಕ್ಕೂ ಹನ್ನೆರಡಕ್ಕೂ ಸೇರೋ ಒಂದು ಕಂಬವೋ ಮೂಲೆಯೋ ಮೊದಲೇ ಗೊತ್ತು ಮಾಡಿಕೊಳ್ಳಿ. ಸ್ಪೀಕರ್ ಎದುರಿನ ಜಾಗ ಬಿಟ್ಟು ಫ್ಲೋರಿನ ಹಿಂದಿನ ಅರ್ಧದಲ್ಲಿ ಕುಣಿಯಿರಿ, ಇಲ್ಲದಿದ್ದರೆ ಮರುದಿನವಿಡೀ ಕಿವಿ ಗುಂಯ್ ಅನ್ನುತ್ತೆ. ಫೋಮ್ ಇಯರ್‌ಪ್ಲಗ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ.

ಕುಡಿಯದ ಗೆಳೆಯನ ಕೈಗೆ ಆರೂ ಜನರ ರೂಮಿನ ಕೀ, ಒಂದು ಪವರ್‌ಬ್ಯಾಂಕ್, ಸಾವಿರ ರೂಪಾಯಿ ನಗದು ಕೊಟ್ಟಿರಿ. ಅವನ ಬಿಲ್ಲನ್ನ ಉಳಿದ ಐವರು ಹಂಚಿಕೊಳ್ಳಿ. ಮೆಜೆಸ್ಟಿಕ್ ಲಾಡ್ಜ್ ಆದರೆ ರಾತ್ರಿ ಎಷ್ಟಕ್ಕೆ ಗೇಟು ಹಾಕ್ತಾರೆ ಅಂತ ಚೆಕ್‌ಇನ್ ಮಾಡುವಾಗಲೇ ಕೇಳಿ, ಕಾವಲಿನವರ ನಂಬರ್ ತಗೊಂಡಿರಿ.