ಕಾಕಾ ಕಳಿಸಿದ ತಾಟಿನ ವಿಡಿಯೊ

ನಮ್ಮ ಮನೆತನದ ಗುಂಪು, ಭಾನುವಾರ ರಾತ್ರಿ. ನನ್ನ ಫೋನಿನಲ್ಲಿ ಎಲ್ಲರ ಹೆಸರೂ ಊರಿನ ಲೆಕ್ಕದಲ್ಲೇ ಇದೆ, ಹಾಗೇ ಬಿಟ್ಟಿದ್ದೇನೆ.

ವಿಜಯಪುರ ಕಾಕಾ: (ವಿಡಿಯೊ. ಅನೇಕ ಬಾರಿ ಫಾರ್ವರ್ಡ್ ಆಗಿದೆ. "ರೌಟರ್ ಹಿಂದೆ ಸ್ಟೀಲ್ ತಾಟು ಇಡಿ, ನೆಟ್ ಡಬಲ್!")

ವಿಜಯಪುರ ಕಾಕಾ: ಎಲ್ಲರೂ ನೋಡಿ. ನಾನು ಮಾಡಿ ನೋಡಿದ್ದೇನೆ. ಒಳಗಿನ ಕೋಣೆಯ ಟಿವಿಯಲ್ಲಿ ಗಿರಗಿರ ತಿರುಗುವುದು ಕಡಿಮೆಯಾಗಿದೆ.

ಹುಬ್ಬಳ್ಳಿ ಅಣ್ಣ: ಸುಳ್ಳು. ಡಿಲೀಟ್ ಮಾಡಿ ಕಾಕಾ.

ವಿಜಯಪುರ ಕಾಕಾ: ಯಾಕಪ್ಪಾ? ವಿಡಿಯೊ ಪೂರ್ತಿ ನೋಡಿದೆಯಾ? ಇಂಜಿನಿಯರ್ ಆದರೆ ನೋಡದೇ ಹೇಳಬಹುದಾ?

ವಿಜಯಪುರ ಕಾಕು: ಓಹೋ, ನನ್ನ ದೊಡ್ಡ ತಾಟು ಅಲ್ಲಿದೆಯಾ! ಮಧ್ಯಾಹ್ನದಿಂದ ಹುಡುಕುತ್ತಿದ್ದೇನೆ.

ನಾನು: ಪೂರ್ತಿ ಸುಳ್ಳಲ್ಲ ಅಣ್ಣ. ಲೋಹಕ್ಕೆ ತಾಗಿದ ಸಿಗ್ನಲ್ ವಾಪಸ್ ಬರುತ್ತೆ, ಹಾಗಾಗಿ ತಾಟಿನ ಎದುರಿನ ಬದಿಗೆ ಸ್ವಲ್ಪ ಜಾಸ್ತಿ ಹೋಗುತ್ತೆ. ಆದರೆ ಹಿಂದಿನ ಬದಿಗೆ ಅಷ್ಟೇ ಕಡಿಮೆ ಆಗುತ್ತೆ. ತಂತಿಯಲ್ಲಿ ಮನೆಗೆ ಬರುವ ನೆಟ್ ಮಾತ್ರ ಇದ್ದಷ್ಟೇ ಇರುತ್ತೆ, ಡಬಲ್ ಆಗಲ್ಲ.

ವಿಜಯಪುರ ತಂಗಿ: ಒಂದ್ನಿಮಿಷ. ತಾಟಿನ ಹಿಂದಿನ ಬದಿ ಅಂದರೆ ನನ್ನ ಕೋಣೆ. ನಿನ್ನೆ ಮೀಟಿಂಗ್‌ನಲ್ಲಿ ಮೂರು ಸಲ ಕಟ್ ಆಗಿ ಎಲ್ಲರೆದುರು ಮರ್ಯಾದೆ ಹೋಯ್ತು. ಅಪ್ಪಾ, ತಾಟು ಯಾವಾಗ ಇಟ್ಟಿದ್ದು?

ವಿಜಯಪುರ ಕಾಕಾ: ನಿನ್ನೆ.

ವಿಜಯಪುರ ಕಾಕಾ: ಅದು ಬೇರೆ ವಿಷಯ. ಕಂಪನಿಯವರೇ ಮೋಸ ಮಾಡುತ್ತಿದ್ದಾರೆ. ದುಡ್ಡು ಕೊಡುವುದು 40ರ ಪ್ಲ್ಯಾನ್‌ಗೆ, ರೌಟರ್ ಪಕ್ಕದಲ್ಲೇ ಕೂತು ಏನಾದರೂ ಇಳಿಸಿದರೂ 5 ಅಂತ ತೋರಿಸುತ್ತೆ. ಉಳಿದ 35 ಯಾರು ತಿಂದರು? ಫೋನ್, ನೆಟ್ ಕಂಪನಿಗಳ ಮೇಲಿನ ಸರ್ಕಾರಿ ಸಂಸ್ಥೆ ಇದೆಯಲ್ಲ, ಆ ಟ್ರಾಯ್‌ಗೆ ಬರೆಯುತ್ತೇನೆ.

ಹುಬ್ಬಳ್ಳಿ ಅಣ್ಣ: ಬರೆದರೆ ಅವರು ನಗುತ್ತಾರೆ.

ನಾನು: ಅಣ್ಣ, ಸುಮ್ನಿರು. ಕಾಕಾ, ಯಾರೂ ತಿಂದಿಲ್ಲ. ಕಂಪನಿಯ 40 ಮೆಗಾಬಿಟ್, ಫೋನ್ ತೋರಿಸಿದ 5 ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್, 40ನ್ನು 8ರಿಂದ ಭಾಗಿಸಿದರೆ 5. ಅಂಗಡಿಯವನು ಪಾವಿನಲ್ಲಿ ಅಳೆದು ಕೊಟ್ಟ, ನೀವು ಮನೆಗೆ ತಂದು ಸೇರಿನಲ್ಲಿ ಅಳೆದು ಕಡಿಮೆ ಆಯ್ತು ಅಂದ ಹಾಗೆ. ಇನ್ನು ಟ್ರಾಯ್ ಒಬ್ಬೊಬ್ಬರ ದೂರು ನೋಡಲ್ಲ. ಮೊದಲು ಕಂಪನಿಗೇ ದೂರು ಕೊಟ್ಟು ನಂಬರ್ ತಗೋಬೇಕು, ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ವಿಭಾಗ.

ವಿಜಯಪುರ ಕಾಕಾ: ಮತ್ತೆ ಒಳಗೆ ಯಾಕೆ ಬರಲ್ಲ? ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೆ ಆಚೆ ಬದಿಗೆ ಕೇಳುತ್ತೆ, ನನ್ನ ಮನೆಯಲ್ಲಿ ಪಡಸಾಲೆಯಿಂದ ಒಳಗಿನ ಕೋಣೆಗೆ ವೈಫೈ ಹೋಗಲ್ಲ!

ವಿಜಯಪುರ ತಂಗಿ: ಗುಮ್ಮಟದೊಳಗೆ ನಡುವೆ ಗೋಡೆ ಇಲ್ಲ ಅಪ್ಪಾ. ನಮ್ಮದು ಅಜ್ಜನ ಕಾಲದ ಕಲ್ಲಿನ ಗೋಡೆ, ಮೊಳ ದಪ್ಪ. ಮೇಲಾಗಿ ರೌಟರ್ ಇರುವುದು ಕಬ್ಬಿಣದ ಕಪಾಟಿನ ಹಿಂದೆ.

ಹುಬ್ಬಳ್ಳಿ ಅಣ್ಣ: ಕಪಾಟಿನ ಹಿಂದೆ??? ಎಲ್ಲಕ್ಕಿಂತ ದೊಡ್ಡ ತಾಟು ಅದೇ ಅಲ್ವಾ!

ವಿಜಯಪುರ ಕಾಕು: ಮೊಮ್ಮಗ ಕೀಳುತ್ತಾನೆ ಅಂತ ನಾನೇ ಇಡಿಸಿದ್ದು. ನನ್ನ ಮೇಲೆ ಹಾಕಬೇಡಿ.

ಇಂಡಿ ಮಾಮಾ: ನಿಮಗೆ ತಂತಿಯಾದರೂ ಇದೆ. ನಮ್ಮ ತೋಟದ ಮನೆಗೆ ಮೊಬೈಲ್ ಟವರ್ ಒಂದೇ ಗತಿ. ರಾತ್ರಿ 8ರಿಂದ 10 ಊರೆಲ್ಲಾ ಅದೇ ಟವರ್‌ಗೆ ಜೋತುಬೀಳುತ್ತೆ. ನಾನು ಬೆಳಗ್ಗೆ 5ಕ್ಕೆ ಎದ್ದು ಬೇಕಾದ್ದು ಇಳಿಸಿಟ್ಟುಕೊಳ್ಳುತ್ತೇನೆ, ವಿಡಿಯೊದ ಸ್ಪಷ್ಟತೆ 480ಕ್ಕೆ ತಗ್ಗಿಸಿ ನೋಡುತ್ತೇನೆ, ಈ ಗುಂಪಿನ ಫೋಟೊ ವಿಡಿಯೊ ತಾನಾಗಿ ಇಳಿಯುವುದನ್ನೂ ಬಂದ್ ಮಾಡಿದ್ದೇನೆ. ಶುಭೋದಯದ ಹೂಗಳು ನನಗೆ ಮುಟ್ಟುವುದೇ ಇಲ್ಲ.

ಜಮಖಂಡಿ ಅತ್ತೆ: ಅಂದರೆ ನಾನು ದಿನಾ ಕಳಿಸುವುದು ನೋಡೇ ಇಲ್ವಾ?

ಇಂಡಿ ಮಾಮಾ: 🙏

ನಾನು: ಕಾಕಾ, ಒಂದು ಕೆಲಸ ಮಾಡಿ. ರೌಟರ್ ಹೊರಗೆ ತೆಗೆದು ನಡುಮನೆಯ ಬಾಗಿಲಿನ ಮೇಲೆ, ಎತ್ತರಕ್ಕೆ ಇಡಿ. ವೈಫೈ ಹೆಸರು ಎರಡು ಕಾಣುತ್ತಲ್ಲ, 5 ಗಿಗಾಹರ್ಟ್ಸ್ ಅಂತ ಇರುವುದು ಹತ್ತಿರಕ್ಕೆ ಜೋರು, ಆದರೆ ಗೋಡೆ ದಾಟುವುದು ಕಷ್ಟ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತೆ. ಟಿವಿಗೆ 2.4 ಹಾಕಿ ನೋಡಿ. ಅದೂ ಆಗದಿದ್ದರೆ ಟಿವಿಗೆ ನೇರ ಲ್ಯಾನ್ ಕೇಬಲ್ ಎಳೆಸಿ, 100 ಮೀಟರ್‌ವರೆಗೂ ನಡೆಯುತ್ತೆ, ನಿಮ್ಮ ಮನೆಗೆ 20 ಸಾಕು.

(ಮುಕ್ಕಾಲು ಗಂಟೆ ಯಾರೂ ಏನೂ ಬರೆಯಲಿಲ್ಲ. ಅಣ್ಣ ನನಗೆ ಬೇರೆಯಾಗಿ "ಸಿಟ್ಟಾದರಾ?" ಅಂತ ಕೇಳಿದ.)

ವಿಜಯಪುರ ತಂಗಿ: ಇಟ್ಟಾಯ್ತು. ಒಳಗಿನ ಕೋಣೆಯಲ್ಲಿ 4 ಬರುತ್ತಿದ್ದದ್ದು ಈಗ 28. ಮೆಗಾಬಿಟ್ಟೇ 😄

ವಿಜಯಪುರ ಕಾಕಾ: ತಾಟನ್ನೂ ಜೊತೆಗೆ ಇಟ್ಟಿದ್ದೇನೆ. ಯಾವುದರಿಂದ ಆಯ್ತು ಅಂತ ಹೇಗೆ ಹೇಳುತ್ತೀರಿ?

ಹುಬ್ಬಳ್ಳಿ ಅಣ್ಣ: ತಾಟು ತೆಗೆದು ಮತ್ತೊಮ್ಮೆ ಅಳೆಯಿರಿ.

ವಿಜಯಪುರ ಕಾಕಾ: ತೆಗೆಯಲ್ಲ.

ವಿಜಯಪುರ ಕಾಕು: ಇರಲಿ ಬಿಡಿ. ರಾತ್ರಿ ಊಟಕ್ಕೆ ಅಲ್ಲೇ ಏಣಿ ಹಾಕಿ ಬಡಿಸುತ್ತೇನೆ.